ಅಮ್ಮ ‘ಎರಡು’ ಎಂದು ಗುರುತು ಹಾಕಿದರು

ಪ್ರಶ್ನೆ: ನಮ್ಮ ಅಮ್ಮನಿಗೆ 58 ವರ್ಷ. ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೀಮೋ ನಡೆಯುತ್ತಿದೆ. ಹೋದ ಸಲ ಸಿಸ್ಟರ್ ಒಂದು ಹಾಳೆ ಕೊಟ್ಟರು. ಒಂದು ಪಕ್ಕ ಥರ್ಮಾಮೀಟರಿನ ಚಿತ್ರ, ಅದರ ಮೇಲೆ 0ಯಿಂದ 10ರವರೆಗೆ ಅಂಕಿಗಳು. ಇನ್ನೊಂದು ಪಕ್ಕ ಉದ್ದನೆಯ ಪಟ್ಟಿ. ‘ಈ ಒಂದು ವಾರದಲ್ಲಿ ಮನಸ್ಸಿಗೆ ಎಷ್ಟು ಸಂಕಟವಾಗಿದೆ, ಗುರುತು ಹಾಕಿ’ ಎಂದರು. ಅಮ್ಮ ಒಮ್ಮೆ ನನ್ನ ಮುಖ ನೋಡಿ ಎರಡಕ್ಕೆ ಗುರುತು ಹಾಕಿದರು. ರಾತ್ರಿ ಮೂರು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿರುತ್ತಾರೆ ಎನ್ನುವುದು ನನಗೆ ಗೊತ್ತು. ಮನೆಗೆ ಬಂದು ಈ ವಿಷಯ ಹೇಳಿದಾಗ ಸೋದರಮಾವ ‘ನಮ್ಮಕ್ಕನಿಗೇನು ತಲೆ ಕೆಟ್ಟಿದೆಯಾ, ಇದನ್ನೆಲ್ಲ ಯಾಕೆ ಕೇಳ್ತಾರೆ?’ ಎಂದು ಸಿಟ್ಟಾದರು. ಈ ಹಾಳೆ ಎಲ್ಲಿಂದ ಬಂತು? ಮನಸ್ಸಿನ ನೋವನ್ನು ಹೀಗೆ ಅಳೆಯಲು ಆಗುತ್ತದೆಯೇ? ಅಳೆದರೆ ಏನಾದರೂ ಉಪಯೋಗ ಇದೆಯೇ?
— ಓದುಗರು, ಹಾಸನ

ಉತ್ತರ: ಮೊದಲು ನಿಮ್ಮ ಸೋದರಮಾವನಿಗೆ ಸಮಾಧಾನ ಹೇಳಿಬಿಡೋಣ. ನಿಮ್ಮ ತಾಯಿಯ ಮೇಲೆ ಅನುಮಾನ ಬಂದು ಕೊಡುವ ಹಾಳೆಯಲ್ಲ ಅದು. ಚಿಕಿತ್ಸೆಗೆ ಬಂದ ಪ್ರತಿಯೊಬ್ಬರಿಗೂ ಕೊಡಬೇಕು ಎನ್ನುವುದೇ ಅದರ ನಿಯಮ. ಬಿ.ಪಿ. ನೋಡಲು ತೋಳಿಗೆ ಪಟ್ಟಿ ಕಟ್ಟುವಾಗ ‘ನನಗೇನು ಹೃದ್ರೋಗವೇ’ ಎಂದು ಯಾರೂ ಸಿಟ್ಟಾಗುವುದಿಲ್ಲವಲ್ಲ, ಇದೂ ಅದೇ ಬಗೆಯದು. ಕೆನಡಾದ ಕ್ಯಾಲ್ಗರಿಯ ಬ್ಯಾರಿ ಬುಲ್ಟ್ಸ್ ಮತ್ತು ಲಿಂಡಾ ಕಾರ್ಲ್‌ಸನ್ ಎಂಬ ಮನಃಶಾಸ್ತ್ರಜ್ಞರು 2005ರಲ್ಲಿ ಈ ಮಾತನ್ನೇ ವಾದವಾಗಿ ಮಂಡಿಸಿದರು. ಜ್ವರ, ನಾಡಿ, ಉಸಿರು, ರಕ್ತದೊತ್ತಡ, ನೋವು ಈ ಐದನ್ನು ಹೇಗೆ ತಪ್ಪದೆ ಬರೆದುಕೊಳ್ಳುತ್ತೇವೋ ಹಾಗೆಯೇ ಆರನೆಯದಾಗಿ ರೋಗಿಯ ಮನಸ್ಸಿನ ಸಂಕಟವನ್ನೂ ಬರೆದುಕೊಳ್ಳಬೇಕು ಎಂದರು. ಅಮೆರಿಕದಲ್ಲಿ ಕ್ಯಾನ್ಸರ್ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಶಸ್ತ್ರವೈದ್ಯರ ಸಂಘ 2012ರಲ್ಲಿ ಇದನ್ನು ತನ್ನ ಮಾನದಂಡಗಳಲ್ಲಿ ಸೇರಿಸಿತು.

ಹಾಳೆ ಹುಟ್ಟಿದ್ದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟೆರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಅದರ ಹಿಂದೆ ಜಿಮ್ಮೀ ಹಾಲೆಂಡ್ ಎಂಬ ಮನೋವೈದ್ಯೆಯ ದೀರ್ಘ ಹಟ ಇದೆ. 1977ರಲ್ಲಿ ಅವರು ಆ ಆಸ್ಪತ್ರೆಯಲ್ಲಿ ಮನೋವೈದ್ಯ ಸೇವೆ ಕಟ್ಟಲು ನಿಂತಾಗ ಕ್ಯಾನ್ಸರ್ ರೋಗಿಗಳ ಮನಸ್ಸಿನ ಬಗ್ಗೆ ಹೇಳಿಕೊಳ್ಳುವಂಥ ಅಧ್ಯಯನಗಳೇ ಇರಲಿಲ್ಲ. ಇರುವುದಾದರೂ ಹೇಗೆ? ರೋಗಿಗೆ ರೋಗದ ಹೆಸರೇ ಗೊತ್ತಿರುತ್ತಿರಲಿಲ್ಲ. 1961ರಲ್ಲಿ ಷಿಕಾಗೋದ ಡೊನಾಲ್ಡ್ ಓಕನ್ ಎಂಬ ವೈದ್ಯರು 219 ಮಂದಿ ವೈದ್ಯರನ್ನು ವಿಚಾರಿಸಿದಾಗ ನೂರಕ್ಕೆ 90 ಮಂದಿ ‘ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ನಮ್ಮ ರೂಢಿ’ ಎಂದಿದ್ದರು. ಅದೇ ಪ್ರಶ್ನೆಗಳನ್ನು ಅಮೆರಿಕದಲ್ಲಿ ಮತ್ತೆ ಕೇಳಿ 1979ರಲ್ಲಿ ಪ್ರಕಟಿಸಿದಾಗ ನೂರಕ್ಕೆ 97 ಮಂದಿ ಹೇಳುವ ಪಕ್ಷದಲ್ಲಿದ್ದರು. ಇಪ್ಪತ್ತು ವರ್ಷವೂ ತುಂಬದೆ ಒಂದು ದೇಶದ ವೈದ್ಯರ ನಡವಳಿಕೆ ಹೀಗೆ ಬುಡಮೇಲಾದ ಉದಾಹರಣೆ ಅಪರೂಪ. ಹೇಳುವುದು ಶುರುವಾದ ಮೇಲಷ್ಟೇ ‘ಕೇಳಿಸಿಕೊಂಡವರಿಗೆ ಏನಾಗುತ್ತಿದೆ’ ಎಂಬ ಪ್ರಶ್ನೆ ಎದ್ದಿತು. ಇದನ್ನು ವಿಸ್ತಾರವಾಗಿ ಹೇಳಲು ಕಾರಣವಿದೆ. ನಮ್ಮ ಮನೆಗಳು ಇನ್ನೂ ಎಷ್ಟೋ ಮಟ್ಟಿಗೆ 1961ರ ಷಿಕಾಗೋದಲ್ಲೇ ಇವೆ; ಆ ಮಾತಿಗೆ ಮುಂದೆ ಬರುತ್ತೇನೆ.

ಥರ್ಮಾಮೀಟರಿನ ಚಿತ್ರ ಬಂದದ್ದು 1998ರಲ್ಲಿ. ಆಂಡ್ರ್ಯೂ ರಾತ್, ಜಿಮ್ಮೀ ಹಾಲೆಂಡ್ ಮತ್ತು ಅವರ ಜೊತೆಗಾರರು ಅದನ್ನು ಮೊದಲು ಪ್ರಯೋಗಿಸಿದ್ದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದ್ದ ಗಂಡಸರ ಮೇಲೆ. ವಯಸ್ಸಾದ, ಮಿತಭಾಷಿಗಳಾದ ಗಂಡಸರು. ‘ಮನಸ್ಸಿಗೆ ಹೇಗನ್ನಿಸುತ್ತಿದೆ’ ಎಂದರೆ ‘ಚೆನ್ನಾಗಿದ್ದೇನೆ’ ಎಂದು ಮಾತು ಮುಗಿಸುವವರು. ಆದರೆ ದೇಹದ ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಅಂಥವರೂ ಒಂದು ಅಂಕಿ ಹೇಳುತ್ತಿದ್ದರು. ಹಾಗಾದರೆ ಮನಸ್ಸಿನದನ್ನೂ ಅದೇ ಅಳತೆಯಲ್ಲಿ ಕೇಳಿ ನೋಡೋಣ ಎಂಬುದು ಹೊಳಹು. ಹಾಳೆಯ ಮೇಲೆ ‘ಖಿನ್ನತೆ’ ಎಂದಾಗಲಿ ‘ಮಾನಸಿಕ ರೋಗ’ ಎಂದಾಗಲಿ ದೊಡ್ಡಕ್ಷರದಲ್ಲಿ ಬರೆಯಲಿಲ್ಲ. ಹಾಗೆ ಬರೆದರೆ ನಿಮ್ಮ ಮಾವ ಸಿಟ್ಟಾದಂತೆ ಅಲ್ಲಿನವರೂ ಸಿಟ್ಟಾಗುತ್ತಿದ್ದರು. 1999ರಲ್ಲಿ ಅಮೆರಿಕದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವು ಸಂಕಟವನ್ನು ಗುರುತಿಸಿ ನಿಭಾಯಿಸುವ ಮಾರ್ಗಸೂಚಿಯನ್ನು ಪ್ರಕಟಿಸಿತು. ಅಲ್ಲಿಂದ ಈ ಹಾಳೆ ಹತ್ತಾರು ಭಾಷೆಗಳಿಗೆ ಹೋಯಿತು.

ಇನ್ನು ಅಳೆಯಲು ಆಗುತ್ತದೆಯೇ ಎಂಬ ಪ್ರಶ್ನೆ. ಸಂಕಟವನ್ನೇ ಅಳೆಯಲು ಆಗದು. ಯಾರ ಹತ್ತಿರ ಇವತ್ತು ಕುರ್ಚಿ ಎಳೆದುಕೊಂಡು ಕೂತು ಮಾತಾಡಲೇಬೇಕು ಎಂದು ಜರಡಿ ಹಿಡಿಯಲು ಆಗುತ್ತದೆ. ಅಂಕಿ 4 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮುಂದಿನ ವಿಚಾರಣೆ ಆಗಬೇಕು ಎನ್ನುವುದು ಈಗ ಚಾಲ್ತಿಯಲ್ಲಿರುವ ಗೆರೆ. ಮೊದಲು ಅದು 5ರಲ್ಲಿತ್ತು, 2005ರಲ್ಲಿ ಪ್ರಕಟವಾದ ಅಧ್ಯಯನದ ಬಳಿಕ ಕೆಳಗಿಳಿಯಿತು. 6 ಬಂದವರಿಗೆಲ್ಲ ಕಾಯಿಲೆ ಎಂದು ಅರ್ಥವಲ್ಲ. ಅವರಲ್ಲಿ ಅನೇಕರಿಗೆ ಮನೋವೈದ್ಯರ ಅಗತ್ಯವೇ ಬೀಳುವುದಿಲ್ಲ. ಕಡಿಮೆ ಅಂಕಿ ಮಾತ್ರ, ಪ್ರಾಮಾಣಿಕವಾಗಿ ಕೊಟ್ಟದ್ದಾದರೆ, ಹೆಚ್ಚು ಭರವಸೆಯದು. ‘ಪ್ರಾಮಾಣಿಕವಾಗಿ ಕೊಟ್ಟದ್ದಾದರೆ’ ಎಂಬಲ್ಲೇ ನಿಮ್ಮ ತಾಯಿಯ ‘ಎರಡು’ ಸಿಕ್ಕಿಕೊಂಡಿದೆ.

ಎಲ್ಲರ ಕಣ್ಣೂ ಥರ್ಮಾಮೀಟರಿನ ಮೇಲೆ ಹೋಗುತ್ತದೆ. ನನ್ನ ಎಣಿಕೆಯಲ್ಲಿ ಹಾಳೆಯ ಜೀವ ಇರುವುದು ಇನ್ನೊಂದು ಪಕ್ಕದ ಪಟ್ಟಿಯಲ್ಲಿ. ಮನೆ, ಹಣ, ಓಡಾಟ, ಕೆಲಸ, ಮಕ್ಕಳ ಆರೈಕೆ ಒಂದು ಗುಂಪು. ಗಂಡ ಹೆಂಡಿರ ನಡುವಿನದು, ಮಕ್ಕಳ ಜೊತೆಗಿನದು ಇನ್ನೊಂದು. ಭಯ, ದುಃಖ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಮತ್ತೊಂದು. ದೇವರು, ನಂಬಿಕೆಗಳ ವಿಷಯ ಬೇರೆ. ಕೊನೆಗೆ ದೇಹದ್ದು: ಬಾಯಿಹುಣ್ಣು, ಮಲಬದ್ಧತೆ, ನಿದ್ದೆ, ಉಸಿರಾಟ, ದಾಂಪತ್ಯ ಸುಖ. ‘ಏಳು’ ಎಂದು ಗುರುತು ಹಾಕಿದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಸಾಯುವ ಯೋಚನೆ ಬಿಡದೆ ಕಾಡುತ್ತಿದೆ. ಇನ್ನೊಬ್ಬರು ರಾಯಚೂರಿನ ಕಡೆಯಿಂದ ಬಂದವರು. ಆರು ವಾರ ದಿನಾ ರೇಡಿಯೇಷನ್, ಉಳಿಯಲು ಜಾಗವಿಲ್ಲ, ಜೊತೆಗೆ ಬಂದ ಮಗನ ಕೂಲಿ ತಪ್ಪುತ್ತಿದೆ, ಹೊಲದ ಕೆಲಸಕ್ಕೆ ಆಳಿಲ್ಲ. ಮೊದಲನೆಯವರಿಗೆ ಮನೋವೈದ್ಯರು ಬೇಕು, ಇವತ್ತೇ ಬೇಕು. ಎರಡನೆಯವರಿಗೆ ಬೇಕಾದದ್ದು ಆಸ್ಪತ್ರೆಯ ಸಮಾಜ ಕಾರ್ಯಕರ್ತರು: ಧರ್ಮಶಾಲೆಯಲ್ಲಿ ಜಾಗ ಕೊಡಿಸುವವರು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವ ಖರ್ಚಿಗೆ ಕಟ್ಟಬೇಕಿಲ್ಲ ಎಂದು ಕೂರಿಸಿ ವಿವರಿಸುವವರು. ಬಡವರ ಪಾಲಿನ ಎಷ್ಟೋ ‘ಮಾನಸಿಕ’ ಸಂಕಟ ಹೀಗೆ ಕೌಂಟರಿನಲ್ಲಿ ಕರಗುವಂಥದ್ದು. ಅದಕ್ಕೆ ನಿದ್ದೆ ಮಾತ್ರೆ ಬರೆದುಕೊಡುವುದು ಅನ್ಯಾಯ.

ಇಷ್ಟಕ್ಕೂ ಹಾಳೆ ಯಾಕೆ, ಡಾಕ್ಟರಿಗೆ ರೋಗಿಯ ಮುಖ ನೋಡಿದರೆ ತಿಳಿಯುವುದಿಲ್ಲವೇ ಎಂದು ನಿಮ್ಮ ಮಾವ ಮುಂದಿನ ಪ್ರಶ್ನೆ ಕೇಳಬಹುದು. ಇದನ್ನು ಬ್ರಿಟನ್ನಿನಲ್ಲಿ ಲೆಸ್ಲಿ ಫ್ಯಾಲೋಫೀಲ್ಡ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದ್ದಾರೆ. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 143 ವೈದ್ಯರು, 2,297 ರೋಗಿಗಳು. ಪ್ರಶ್ನಾವಳಿಯ ಪ್ರಕಾರ ಸಂಕಟದಲ್ಲಿದ್ದವರು ನೂರಕ್ಕೆ 36ರಷ್ಟು. ಅಂಥವರಲ್ಲಿ ವೈದ್ಯರು ಸರಿಯಾಗಿ ಗುರುತಿಸಿದ್ದು ನೂರಕ್ಕೆ 29 ಮಂದಿಯನ್ನು ಮಾತ್ರ. ಅವರು ಕಠಿಣ ಹೃದಯದವರಲ್ಲ, ಕ್ಯಾನ್ಸರ್ ವಿಭಾಗದಲ್ಲೇ ಬದುಕು ಸವೆಸಿದವರು. ಆದರೆ ನಗುನಗುತ್ತ ಮಾತಾಡುವ ರೋಗಿ ಚೆನ್ನಾಗಿದ್ದಾರೆ ಎಂದುಕೊಳ್ಳುವುದು ಸಹಜ. ಡಾಕ್ಟರಿಗೆ ಬೇಸರವಾಗಬಾರದೆಂದು ರೋಗಿ ನಗುವುದೂ ಅಷ್ಟೇ ಸಹಜ. ನಮ್ಮ ಓಪಿಡಿಗಳಲ್ಲಿ ಒಬ್ಬೊಬ್ಬರಿಗೆ ಸಿಗುವ ನಿಮಿಷಗಳನ್ನು ನೆನೆದರೆ ಇಲ್ಲಿ ಮುಖ ನೋಡಿ ತಿಳಿಯುವುದು ಇನ್ನೂ ಕಷ್ಟ.

ತಿಳಿಯದೆ ಹೋದರೆ ಆಗುವ ನಷ್ಟವೂ ಸಣ್ಣದಲ್ಲ. ಸ್ಕಾಟ್ಲೆಂಡಿನಲ್ಲಿ 21,151 ಕ್ಯಾನ್ಸರ್ ರೋಗಿಗಳ ಮಾಹಿತಿ ಕಲೆಹಾಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಖಿನ್ನತೆ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 13ರಷ್ಟು, ಸ್ತನದ ಕ್ಯಾನ್ಸರ್ ಇದ್ದವರಲ್ಲಿ 9ರಷ್ಟು ಕಂಡಿತು. ಹಾಗೆ ಖಿನ್ನರಾದವರಲ್ಲಿ ನೂರಕ್ಕೆ 73 ಮಂದಿಗೆ ಅದಕ್ಕೆ ತಕ್ಕ ಚಿಕಿತ್ಸೆ ಸಿಗುತ್ತಿರಲಿಲ್ಲ. ಸ್ವೀಡನ್ನಿನಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಜಾಲಾಡಿ 2012ರಲ್ಲಿ ಹೊರಬಂದ ಅಧ್ಯಯನ ಇನ್ನೂ ಕಳವಳದ್ದು: ಕ್ಯಾನ್ಸರ್ ಎಂದು ತಿಳಿದ ಮೊದಲ ವಾರದಲ್ಲಿ ಆತ್ಮಹತ್ಯೆಯ ಅಪಾಯ, ಕ್ಯಾನ್ಸರ್ ಇಲ್ಲದವರಿಗೆ ಹೋಲಿಸಿದರೆ, ಹನ್ನೆರಡು ಪಟ್ಟಿಗೂ ಹೆಚ್ಚು, ಮೊದಲ ಒಂದು ವರ್ಷವನ್ನು ಒಟ್ಟಾಗಿ ತೆಗೆದುಕೊಂಡರೆ ಸುಮಾರು ಮೂರು ಪಟ್ಟು. ಹಾಗೆ ಸಾಯುವವರ ಸಂಖ್ಯೆ ಬಹಳ ಕಡಿಮೆ, ಅದರಿಂದ ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಅಪಾಯ ಕಾಯಿಲೆ ಬಲಿತ ಮೇಲೆ ಮಾತ್ರ ಬರುವುದಲ್ಲ, ಸುದ್ದಿ ಕೇಳಿದ ಕೂಡಲೇ ಬರಬಲ್ಲದು. ರಿಪೋರ್ಟ್ ಕೈಗೆ ಕೊಟ್ಟು ‘ಮುಂದಿನ ಸೋಮವಾರ ಬನ್ನಿ’ ಎಂದು ಕಳಿಸುವ ಆ ಒಂದು ವಾರ ರೋಗಿ ಹೇಗೆ ಕಳೆಯುತ್ತಾರೆಂದು ಯಾರು ವಿಚಾರಿಸುತ್ತಾರೆ?

ಯಾರಿಗೆ ಹೆಚ್ಚು ಅಪಾಯ ಎಂಬುದರಲ್ಲಿ ತಜ್ಞರ ನಡುವೆ ಬಹುಮಟ್ಟಿಗೆ ಒಮ್ಮತವಿದೆ. ಹಿಂದೆ ಖಿನ್ನತೆಯೋ ಆತಂಕವೋ ಬಂದುಹೋದವರು, ಕುಡಿತದ ಚಟ ಇದ್ದವರು, ಒಂಟಿಯಾಗಿರುವವರು, ಚಿಕ್ಕ ಮಕ್ಕಳಿರುವ ಎಳೆಯ ತಾಯಂದಿರು, ಹಣದ ಮುಗ್ಗಟ್ಟಿನವರು, ಆಸ್ಪತ್ರೆಯವರ ಭಾಷೆ ಬಾರದವರು, ನೋವು ಹತೋಟಿಗೆ ಬಾರದವರು. ಕೊನೆಯದನ್ನು ಒತ್ತಿ ಹೇಳಬೇಕು. ಹಗಲೂ ರಾತ್ರಿ ನೋಯುತ್ತಿರುವವರ ಖಿನ್ನತೆಗೆ ಮೊದಲ ಮದ್ದು ನೋವಿನ ಮದ್ದು. ಮಾರ್ಫೀನ್ ಕೊಡಬೇಕಾದಲ್ಲಿ ಧೈರ್ಯದ ಮಾತು ಕೊಟ್ಟರೆ ಆಗದು.

ನಮ್ಮಲ್ಲಿ ಇನ್ನೊಂದು ಗುಂಪು ಈ ಹಾಳೆಯಿಂದಲೂ ತಪ್ಪಿಸಿಕೊಳ್ಳುತ್ತದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ತಂಬಾಕು, ಗುಟ್ಕಾ, ಅಡಿಕೆ ಅದರ ಮೂಲ. ದವಡೆ, ನಾಲಿಗೆಯ ಆಪರೇಷನ್ ಆದವರ ಮುಖ ಬದಲಾಗಿರುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ, ಎಲ್ಲರ ಜೊತೆ ಕೂತು ಊಟ ಮಾಡಲು ಸಂಕೋಚ. ಮದುವೆ ಮನೆಗೆ ಹೋಗುವುದನ್ನು ಬಿಡುತ್ತಾರೆ, ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಎದ್ದು ಒಳಮನೆ ಸೇರುತ್ತಾರೆ. ತಂಬಾಕು, ಹೆಂಡ ಒಮ್ಮೆಗೇ ನಿಂತ ಚಡಪಡಿಕೆ ಬೇರೆ. ‘ನಾನೇ ತಂದುಕೊಂಡೆ’ ಎಂಬ ಅಪರಾಧ ಭಾವ, ಅದನ್ನೇ ದಿನಾ ನೆನಪಿಸುವ ಬಂಧುಗಳು. ಇವರಿಗೆ ಸಂಕಟ ಹೇಳಿಕೊಳ್ಳಲು ಬಾಯಿಯೇ ಇಲ್ಲ. ಓದು ಬರಹ ಬಾರದಿದ್ದರೆ ಹಾಳೆಯೂ ಇಲ್ಲ. ಇಂಥವರ ಪಕ್ಕ ಸಿಸ್ಟರ್ ಕೂತು, ಚಿತ್ರದ ಮೇಲೆ ಬೆರಳಿಡಲು ಹೇಳಿ, ಪಟ್ಟಿಯನ್ನು ಒಂದೊಂದಾಗಿ ಓದಿ, ತಲೆ ಆಡಿಸಿದ್ದನ್ನು ಗುರುತು ಮಾಡಿಕೊಂಡರೆ ಮಾತ್ರ ತಪಾಸಣೆ ಆಗುತ್ತದೆ.

ಈಗ ನಿಮ್ಮ ತಾಯಿಯ ರಾತ್ರಿಯ ಮೂರು ಗಂಟೆ. ಅದನ್ನು ಕೂಡಲೇ ಖಿನ್ನತೆ ಎಂದುಕೊಳ್ಳಬೇಡಿ. ಕ್ಯಾನ್ಸರ್ ರೋಗಿಯಲ್ಲಿ ಮನಸ್ಸನ್ನು ಓದುವುದು ಕಷ್ಟವಾಗುವುದೇ ಇಲ್ಲಿ: ನಿದ್ದೆ ಇಲ್ಲ, ಹಸಿವಿಲ್ಲ, ಸುಸ್ತು, ತೂಕ ಇಳಿಯುವುದು ಇವೆಲ್ಲ ಖಿನ್ನತೆಯ ಲಕ್ಷಣಗಳೂ ಹೌದು, ಕೀಮೋದ ಪರಿಣಾಮಗಳೂ ಹೌದು. ಇಂಗ್ಲೆಂಡಿನ ಜಿಗ್‌ಮಂಡ್ ಮತ್ತು ಸ್ನೇತ್ ಎಂಬ ಮನೋವೈದ್ಯರು 1983ರಲ್ಲಿ ಆಸ್ಪತ್ರೆಯ ರೋಗಿಗಳಿಗಾಗಿ ಒಂದು ಪ್ರಶ್ನಾವಳಿ ಮಾಡಿದಾಗ ಇಂಥ ದೈಹಿಕ ಲಕ್ಷಣಗಳನ್ನು ಬೇಕೆಂದೇ ಹೊರಗಿಟ್ಟರು. ಏಳು ಪ್ರಶ್ನೆ ಆತಂಕಕ್ಕೆ, ಏಳು ಖಿನ್ನತೆಗೆ. ಹಿಂದೆ ಖುಷಿ ಕೊಡುತ್ತಿದ್ದುದು ಈಗಲೂ ಕೊಡುತ್ತಿದೆಯೇ, ನಗು ಬರುತ್ತದೆಯೇ ಎಂಬಂಥವು. ಥರ್ಮಾಮೀಟರಿನಲ್ಲಿ ಅಂಕಿ ಏರಿದವರಿಗೆ ಅನೇಕ ಕಡೆ ಈ ಬಗೆಯ ಎರಡನೆಯ ಪ್ರಶ್ನಾವಳಿ ಕೊಡುತ್ತಾರೆ.

ಆದ್ದರಿಂದ ಒಂದು ಕೆಲಸ ಮಾಡಿ. ಅವರು ಯಾವ ಯಾವ ರಾತ್ರಿ ಏಳುತ್ತಾರೆಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ವಾಂತಿ ಆಗದಿರಲೆಂದು ಕೀಮೋ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದು ಸಾಮಾನ್ಯ. ಅದು ಎರಡು ಮೂರು ರಾತ್ರಿ ನಿದ್ದೆಯನ್ನು ಕಸಿಯಬಲ್ಲದು. ಕೀಮೋ ಆದ ಆ ಎರಡು ಮೂರು ರಾತ್ರಿಯಷ್ಟೇ ಅವರು ಏಳುವುದಾದರೆ ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳುವಂತೆ ಹೊತ್ತು ಬದಲಿಸಿದರೆ ಹಗುರವಾಗಬಹುದು. ವಾಂತಿಗೇ ಕೊಡುವ ಮೆಟೋಕ್ಲೋಪ್ರಮೈಡ್ ಕೆಲವರಲ್ಲಿ ಕೂತಲ್ಲಿ ಕೂರಲಾಗದ ಚಡಪಡಿಕೆ ತರುತ್ತದೆ, ನೋಡುವವರಿಗೆ ಅದು ಆತಂಕದಂತೆಯೇ ಕಾಣುತ್ತದೆ. ರಕ್ತಹೀನತೆ ಮನಸ್ಸನ್ನೂ ಬಳಲಿಸುತ್ತದೆ. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ತಿಂಗಳುಗಳ ಮೇಲೆ ಥೈರಾಯ್ಡ್ ಕುಂದಿದರೆ ಅದು ಖಿನ್ನತೆಯ ವೇಷದಲ್ಲೇ ಬರುತ್ತದೆ. ಇವನ್ನೆಲ್ಲ ನೋಡಿದ ಮೇಲೆ, ಕೀಮೋ ಇಲ್ಲದ ವಾರಗಳಲ್ಲೂ ಎಚ್ಚರ, ಎರಡು ವಾರಕ್ಕೂ ಮೀರಿ ಬೇಸರ, ಮೊಮ್ಮಕ್ಕಳು ಬಂದರೂ ಮುಖ ಅರಳದಿರುವುದು, ‘ನಿಮಗೆಲ್ಲ ಭಾರವಾದೆ’ ಎಂಬ ಮಾತು ಮತ್ತೆ ಮತ್ತೆ ಬರುವುದು ಕಂಡರೆ ಅದು ಸ್ಟೀರಾಯ್ಡ್ ಅಲ್ಲ.

ನಿಮ್ಮ ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು: ಉಪಯೋಗ ಇದೆಯೇ? ಹಾಳೆ ತುಂಬಿಸುವುದರಿಂದ ಮಾತ್ರ ಯಾವ ಉಪಯೋಗವೂ ಇಲ್ಲ. ಬ್ರಿಟನ್ನಿನಲ್ಲಿ ಇದೇ ಥರ್ಮಾಮೀಟರ್ ಮತ್ತು ಪಟ್ಟಿಯನ್ನು ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ, ಹೋಲಿಸಿ ನೋಡಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರ ಮನಃಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇಂಥ ಫಲಿತಾಂಶಗಳನ್ನು ಹಿಡಿದು ‘ಎಲ್ಲರನ್ನೂ ತಪಾಸಣೆ ಮಾಡುವುದೇ ದಂಡ, ಆ ಹಣವನ್ನು ಆಪ್ತ ಸಮಾಲೋಚಕರ ಸಂಬಳಕ್ಕೆ ಹಾಕಿ’ ಎಂದು ವಾದಿಸುವ ತಜ್ಞರಿದ್ದಾರೆ. ಅವರ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತೋರಿಸಿದ್ದು ಸ್ಕಾಟ್ಲೆಂಡ್.

ಮೈಕೆಲ್ ಶಾರ್ಪ್ ಮತ್ತು ಅವರ ತಂಡ ಅಲ್ಲಿನ ಕ್ಯಾನ್ಸರ್ ಕ್ಲಿನಿಕ್ಕುಗಳಲ್ಲಿ ಮೊದಲು ಪ್ರಶ್ನಾವಳಿ, ಅಂಕಿ ಹೆಚ್ಚು ಬಂದವರಿಗೆ ಫೋನಿನಲ್ಲಿ ವಿವರವಾದ ಸಂದರ್ಶನ, ಹೀಗೆ ಎರಡು ಹಂತದಲ್ಲಿ ಖಿನ್ನತೆ ಇರುವವರನ್ನು ಗುರುತಿಸಿತು. ಅಂಥ 500 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಫ್ಯಾಮಿಲಿ ಡಾಕ್ಟರಿಗೂ ಕ್ಯಾನ್ಸರ್ ಡಾಕ್ಟರಿಗೂ ‘ಇವರಿಗೆ ಖಿನ್ನತೆ ಇದೆ’ ಎಂದು ತಿಳಿಸಿ, ಎಂದಿನಂತೆ ಚಿಕಿತ್ಸೆ ಮಾಡಲು ಬಿಟ್ಟರು. ಇನ್ನೊಂದು ಗುಂಪಿನವರಿಗೆ ಇದಕ್ಕೆಂದೇ ತರಬೇತಾದ ನರ್ಸ್ ಗೊತ್ತುಮಾಡಿದರು. ನರ್ಸ್ ಅವರನ್ನು ಮತ್ತೆ ಮತ್ತೆ ಭೇಟಿಯಾಗಿ ತೊಡಕುಗಳನ್ನು ಒಂದೊಂದಾಗಿ ಬಿಡಿಸಲು ಕಲಿಸಿದರು, ಮತ್ತೆ ಏನಾದರೊಂದು ಕೆಲಸಕ್ಕೆ ಕೈಹಚ್ಚುವಂತೆ ಹುರಿದುಂಬಿಸಿದರು, ಮನೋವೈದ್ಯರು ಹಿಂದಿನಿಂದ ಮೇಲ್ವಿಚಾರಣೆ ಮಾಡಿ ಬೇಕಾದವರಿಗೆ ಮಾತ್ರೆ ಸೂಚಿಸಿದರು. 24 ವಾರಗಳ ಮೇಲೆ ನೋಡಿದರೆ ಎರಡನೆಯ ಗುಂಪಿನಲ್ಲಿ ನೂರಕ್ಕೆ 62 ಮಂದಿಯ ಖಿನ್ನತೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿತ್ತು. ಮೊದಲ ಗುಂಪಿನಲ್ಲಿ 17 ಮಂದಿಗೆ ಮಾತ್ರ. ಆ 17ರ ಗುಂಪಿನವರ ಕಾಯಿಲೆ ಡಾಕ್ಟರುಗಳಿಗೆ ಗೊತ್ತಿತ್ತು ಎನ್ನುವುದನ್ನು ಮರೆಯಬೇಡಿ. ಗೊತ್ತಾಗುವುದಕ್ಕೂ ಗುಣವಾಗುವುದಕ್ಕೂ ನಡುವೆ ಒಬ್ಬ ನರ್ಸ್, ಒಂದು ಕುರ್ಚಿ, ಆರು ತಿಂಗಳ ಸಮಯ ಬೇಕಾಯಿತು.

ಬಾಸ್ಟನ್ನಿನ ಜೆನ್ನಿಫರ್ ಟೆಮೆಲ್ ಮತ್ತು ತಂಡದವರ 2010ರ ಅಧ್ಯಯನವೂ ಇದೇ ಜಾಡಿನದು. ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮೊದಲಿನಿಂದಲೇ ಕ್ಯಾನ್ಸರ್ ಚಿಕಿತ್ಸೆಯ ಜೊತೆ ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯನ್ನೂ ಕೊಟ್ಟರು. ಅವರಲ್ಲಿ ಖಿನ್ನತೆಯ ಲಕ್ಷಣ ನೂರಕ್ಕೆ 16, ಉಳಿದವರಲ್ಲಿ 38. ಉಪಶಾಮಕ ಆರೈಕೆ ಎಂದರೆ ‘ಕೈಬಿಟ್ಟರು’ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಹಾಗಾಗಿ ಆಸ್ಪತ್ರೆಯನ್ನು ನೀವು ಕೇಳಬೇಕಾದದ್ದು ಇಷ್ಟು: ಅಮ್ಮ ‘ಎಂಟು’ ಎಂದು ಗುರುತು ಹಾಕಿದ್ದರೆ ಅಂದು ಯಾರು ಬಂದು ಮಾತಾಡುತ್ತಿದ್ದರು? ಹೆಸರು ಹೇಳಿ, ಕೊಠಡಿ ತೋರಿಸಿದರೆ ಆ ಹಾಳೆಗೆ ಬೆಲೆಯಿದೆ. ಹಾಳೆ ಫೈಲಿನೊಳಗೆ ಹೋಗಿ ಕೂರುವುದಾದರೆ, ಬಾಯಿಬಿಟ್ಟು ಹೇಳಿಕೊಂಡವರನ್ನು ಕೇಳದೆ ಬಿಟ್ಟಂತಾಯಿತು. ಅದು ಕೇಳದಿರುವುದಕ್ಕಿಂತ ಕೆಟ್ಟದ್ದು ಎಂದೇ ನನ್ನ ಭಾವನೆ.

ಇನ್ನು ಆ ‘ಎರಡು’. ನಿಮ್ಮ ಪತ್ರದಲ್ಲಿ ‘ಒಮ್ಮೆ ನನ್ನ ಮುಖ ನೋಡಿ’ ಎಂದು ನೀವೇ ಬರೆದಿದ್ದೀರಿ. ಅವರು ಆಸ್ಪತ್ರೆಗೆ ಉತ್ತರ ಕೊಡಲಿಲ್ಲ, ನಿಮಗೆ ಕೊಟ್ಟರು. ರಜೆ ಹಾಕಿ, ಸಾಲ ಮಾಡಿ, ಬೆಳಗಿನ ಜಾವ ಹೊರಟು ಕರೆತಂದ ಮಗುವಿನ ಎದುರು ಯಾವ ತಾಯಿ ಎಂಟು ಎಂದು ಬರೆಯುತ್ತಾರೆ? ನಮ್ಮ ಕುಟುಂಬಗಳ ಪ್ರೀತಿಯೇ ಇಲ್ಲಿ ಅಡ್ಡ ನಿಲ್ಲುತ್ತದೆ. ರೋಗಿ ಮನೆಯವರಿಂದ ಮುಚ್ಚಿಡುತ್ತಾರೆ, ಮನೆಯವರು ರೋಗಿಯಿಂದ ಮುಚ್ಚಿಡುತ್ತಾರೆ. ‘ಅವರಿಗೆ ಹೇಳಬೇಡಿ ಡಾಕ್ಟ್ರೇ, ಗೊತ್ತಾದರೆ ಎದೆ ಒಡೆದುಕೊಳ್ತಾರೆ’ ಎಂದು ಕಾರಿಡಾರಿನಲ್ಲಿ ಕೈಮುಗಿಯುವ ಮಕ್ಕಳು ನಮ್ಮ ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಸಂತೋಷ್ ಚತುರ್ವೇದಿ ಮತ್ತು ಪ್ರಭಾ ಚಂದ್ರ ಇದರ ಬಗ್ಗೆ ಬಹಳ ಹಿಂದಿನಿಂದ ಬರೆದವರು. ಕೆನಡಾದ ಕಾರ್ಮೆನ್ ಲೋಯ್‌ಸೆಲ್ ಅವರೊಂದಿಗೆ 2009ರಲ್ಲಿ ಅವರು ಪ್ರಕಟಿಸಿದ ಲೇಖನದ ವಿಷಯವೇ ಈ ಬಗೆಯ ಒಳಒಪ್ಪಂದ ಬೇರೆ ಬೇರೆ ಸಂಸ್ಕೃತಿಗಳಲ್ಲಿ ಹೇಗಿರುತ್ತದೆ ಎಂಬುದು. ರೋಗದ ಹೆಸರು ತಿಳಿಯದವರಿಗೆ ಈ ಹಾಳೆ ಕೊಟ್ಟು ಪ್ರಯೋಜನವೂ ಇಲ್ಲ. ತಲೆಗೂದಲು ಉದುರಿದೆ, ರೇಡಿಯೇಷನ್ ಎಂಬ ‘ಕರೆಂಟ್’ ಕೊಡುತ್ತಿದ್ದಾರೆ, ಪಕ್ಕದ ಹಾಸಿಗೆಯವರು ಕ್ಯಾನ್ಸರ್ ಎನ್ನುತ್ತಿದ್ದಾರೆ, ಮನೆಯವರು ಮಾತ್ರ ‘ಗೆಡ್ಡೆ ಅಷ್ಟೇ’ ಎನ್ನುತ್ತಿದ್ದಾರೆ. ಅವರ ಭಯಕ್ಕೆ ಹೇಳಿಕೊಳ್ಳಲು ಒಬ್ಬರೂ ಇಲ್ಲ.

ನಿಮ್ಮ ತಾಯಿಗೆ ರೋಗದ ಹೆಸರು ಗೊತ್ತಿದೆ ಎಂದುಕೊಂಡು ಮುಂದುವರಿಯುತ್ತೇನೆ. ಮುಂದಿನ ಸಲ ಹಾಳೆ ಕೊಟ್ಟಾಗ ‘ಕಾಫಿ ಕುಡಿದು ಬರ್ತೀನಿ’ ಎಂದು ಎದ್ದು ಹೊರಗೆ ಹೋಗಿ. ಹೋಗುವ ಮುಂಚೆ ಸಿಸ್ಟರಿಗೆ ಅಡುಗೆಮನೆಯ ವಿಷಯ ಹೇಳಿರಿ. ಇದು ಅಮ್ಮನ ಗುಟ್ಟು ಬಯಲು ಮಾಡಿದಂತಲ್ಲ. ಜ್ವರ ಬಂದಿದ್ದರೆ ಹೇಳುತ್ತಿದ್ದಿರಿ. ಮನೆಯಲ್ಲಿ ‘ಧೈರ್ಯವಾಗಿರು, ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಮಾತನ್ನು ಸ್ವಲ್ಪ ಕಡಿಮೆ ಮಾಡಿ. ಅದನ್ನು ಕೇಳಿದವರಿಗೆ ಅಳುವ ಹಕ್ಕು ಹೋಗುತ್ತದೆ. ಅತ್ತರೆ ಗೆಡ್ಡೆ ಬೆಳೆಯುತ್ತದೆ, ನಗುತ್ತಿದ್ದರೆ ಕ್ಯಾನ್ಸರ್ ಸೋಲುತ್ತದೆ ಎಂಬ ನಂಬಿಕೆ ಎಷ್ಟು ಹಬ್ಬಿದೆ ಎಂದರೆ, ಕಾಯಿಲೆ ಮರುಕಳಿಸಿದಾಗ ‘ನಾನೇ ಚಿಂತೆ ಮಾಡಿ ತಂದುಕೊಂಡೆ’ ಎಂದು ಕೊರಗುವವರಿದ್ದಾರೆ. ಅದಕ್ಕೆ ಆಧಾರವಿಲ್ಲ. ಸಕಾರಾತ್ಮಕ ಚಿಂತನೆಯ ಹೆಸರಿನಲ್ಲಿ ರೋಗಿಯ ಮೇಲೆ ನಡೆಯುವ ಈ ಒತ್ತಾಯವನ್ನು ಜಿಮ್ಮೀ ಹಾಲೆಂಡ್ ದಬ್ಬಾಳಿಕೆ ಎಂದೇ ಕರೆದಿದ್ದರು. ಮೂರು ಗಂಟೆಗೆ ನಿಮಗೂ ಎಚ್ಚರವಿದ್ದರೆ ಅಡುಗೆಮನೆಗೆ ಹೋಗಿ ಅವರ ಪಕ್ಕ ಕೂರಿ. ಸಲಹೆ ಕೊಡಬೇಕಿಲ್ಲ. ಅವರು ಮಾತಾಡಿದರೆ ತಡೆಯಬೇಡಿ, ಅಷ್ಟೇ.

‘ಬದುಕು ಸಾಕಾಗಿದೆ, ಸಾಯಬೇಕು ಅನ್ನಿಸ್ತಿದೆಯಾ’ ಎಂದು ಬಾಯಿಬಿಟ್ಟು ಕೇಳಬಹುದೇ ಎಂದು ಅನೇಕರು ಹೆದರುತ್ತಾರೆ. ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಖಿನ್ನತೆಯ ಪಟ್ಟಿಯಲ್ಲಿ ಕೊನೆಯ ಪ್ರಶ್ನೆ ಅದೇ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಕೂಡಿಟ್ಟ ಮಾತ್ರೆ, ಹೊಲದ ಔಷಧಿಗಳನ್ನು ಕೈಗೆಟುಕದಂತೆ ತೆಗೆದಿಡಿ, ಅಂದೇ ವೈದ್ಯರಿಗೆ ತಿಳಿಸಿ.

ಮಾತ್ರೆ ಬೇಕಾದರೆ ಒಂದು ಎಚ್ಚರಿಕೆ ನಿಮ್ಮ ತಾಯಿಯ ಕಾಯಿಲೆಗೇ ಸಂಬಂಧಿಸಿದ್ದು. ಕೀಮೋ ಮುಗಿದ ಮೇಲೆ ಅವರಿಗೆ ಟಮಾಕ್ಸಿಫೆನ್ ಬರೆದುಕೊಡಬಹುದು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಕ್ಸೆಟಿನ್ ಮಾತ್ರೆಗಳು ಟಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ವೆನ್ಲಾಫಾಕ್ಸಿನ್‌ನಂಥವುಗಳಿಂದ ಆ ತೊಂದರೆ ಕಡಿಮೆ. ಆದ್ದರಿಂದ ಹಾಸನದಲ್ಲಿ ಮನೋವೈದ್ಯರನ್ನು ಕಂಡರೂ ಕ್ಯಾನ್ಸರ್ ಫೈಲ್ ಕೈಯಲ್ಲಿರಲಿ, ಅವರು ಬರೆದ ಚೀಟಿಯನ್ನು ಕೀಮೋ ಡಾಕ್ಟರಿಗೆ ತೋರಿಸಿ. ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಡಬೇಡಿ.

ಆಸ್ಪತ್ರೆಯಲ್ಲಿ ಮಾತಾಡುವವರು ಯಾರೂ ಇಲ್ಲ ಎಂದಾದರೆ ದಾರಿಗಳು ಮುಚ್ಚಿಲ್ಲ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ರೋಗಿಯಷ್ಟೇ ಅಲ್ಲ, ನೋಡಿಕೊಳ್ಳುವವರೂ ಮಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೇಗೂ ಬರುತ್ತೀರಿ, ನಿಮ್ಹಾನ್ಸ್ ಅಲ್ಲೇ ಇದೆ. ಮುಂದುವರಿದ ಕ್ಯಾನ್ಸರ್ ಇರುವವರನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯ ಎಂಬ ಸಂಸ್ಥೆಯ ಹೆಸರೂ ತಿಳಿದಿರಲಿ.

ನೀವು ಕೇಳದ ಒಂದು ಸಂಗತಿ ಉಳಿದಿದೆ. ಎಲ್ಲ ಚಿಕಿತ್ಸೆ ಮುಗಿದು ‘ಇನ್ನು ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸಿದ ಮೇಲೆ ಅನೇಕರು ಕುಸಿಯುತ್ತಾರೆ. ಮನೆಯಲ್ಲಿ ಎಲ್ಲರಿಗೂ ಹಬ್ಬ, ಅವರಿಗೆ ಮಾತ್ರ ಹೆದರಿಕೆ. ಅದುವರೆಗೆ ವಾರ ವಾರ ನೋಡುತ್ತಿದ್ದ ಸಿಸ್ಟರ್, ಡಾಕ್ಟರ್ ಇಲ್ಲ. ಮೈಯಲ್ಲಿ ಎಲ್ಲಿ ನೋವು ಕಂಡರೂ ‘ಮತ್ತೆ ಬಂತೇ’ ಎಂಬ ಯೋಚನೆ. ಎಂದಿನಂತೆ ಮನೆಗೆಲಸ ಮಾಡುತ್ತಾರೆಂದು ಸುತ್ತಲಿನವರ ನಿರೀಕ್ಷೆ. ಮಾರ್ಗಸೂಚಿಗಳು ಚಿಕಿತ್ಸೆ ಮುಗಿಯುವ ಹೊತ್ತನ್ನು ಹೆಚ್ಚು ಎಚ್ಚರ ಬೇಕಾದ ಹೊತ್ತುಗಳಲ್ಲಿ ಸೇರಿಸಿರುವುದು ಇದಕ್ಕೇ. ಆ ಕೊನೆಯ ದಿನ, ಆಮೇಲಿನ ಮೊದಲ ಚೆಕಪ್ ದಿನ, ಎರಡು ಸಲವೂ ಅದೇ ಹಾಳೆಯನ್ನು ನೀವಾಗಿಯೇ ಕೇಳಿ ಪಡೆಯಿರಿ.